ಮನೆಯಲ್ಲಿ ಇಂಗ್ಲಿಷ್: ಮುತ್ಯಾನಿಗೂ ಒಂದು ‘ಎಸ್’



ಕಳೆದ ಸಂಚಿಕೆಯಲ್ಲಿ ಇಂಗ್ಲಿಷಿನ ಸರ್ವನಾಮಗಳನ್ನು ಕುರಿತು ಬರೆದಿದ್ದೆ. ಐ, ವೀ, ಯೂ, ಹೀ, ಶೀ, ಇಟ್, ದೇ ಎಂಬ ಏಳು ಪದಗಳನ್ನು ಮಕ್ಕಳು ಬಾಯಿಪಾಠ ಮಾಡಿಕೊಂಡಿದ್ದಾರೆಂದು ನಂಬುತ್ತೇನೆ. ಈ ತಿಂಗಳು ಆ ಏಳು ಪದಗಳ ಬೆನ್ನಿಗೆ ಬರುವ ಕ್ರಿಯಾಪದದ ವಿಚಾರ. ಅದರಲ್ಲಿಯೂ ಮೊದಲು ಕಲಿಯಬೇಕಾದದ್ದು ಸಾಮಾನ್ಯ ವರ್ತಮಾನಕಾಲ. ಶಾಲೆಯಲ್ಲಿ ಇದಕ್ಕೆ ‘ಸಿಂಪಲ್ ಪ್ರೆಸೆಂಟ್ ಟೆನ್ಸ್’ ಎನ್ನುತ್ತಾರೆ. ಹೆಸರಿನಲ್ಲಿ ‘ಸಿಂಪಲ್’ ಇದ್ದರೂ ನಮ್ಮ ಮಕ್ಕಳು ಹೆಚ್ಚಾಗಿ ಎಡವುವುದು ಇಲ್ಲಿಯೇ. ಏಕೆ ಎಡವುತ್ತಾರೆಂಬುದನ್ನು ನನಗೆ ತಿಳಿಸಿಕೊಟ್ಟವಳು ಔರಾದ ತಾಲೂಕಿನ ಒಬ್ಬ ವಿದ್ಯಾರ್ಥಿನಿ.

ನಾನು ಶಿಕ್ಷಕನಾಗಿದ್ದ ಕಾಲದ ಮಾತು. ‘ನನ್ನ ಮನೆ’ ಎಂಬ ವಿಷಯದ ಮೇಲೆ ಹತ್ತು ವಾಕ್ಯಗಳನ್ನು ಇಂಗ್ಲಿಷಿನಲ್ಲಿ ಬರೆದು ತರಲು ಹೇಳಿದ್ದೆ. ಆ ಬಾಲಿಕೆ ಬರೆದಿದ್ದಳು: ‘ಮೈ ಬ್ರದರ್ ಗೋಸ್ ಟು ಸ್ಕೂಲ್. ಮೈ ಗ್ರ್ಯಾಂಡ್‌ಫಾದರ್ ಗೋ ಟು ದ ಫೀಲ್ಡ್. ಮೈ ಗ್ರ್ಯಾಂಡ್‌ಫಾದರ್ ಲವ್ ಅವರ್ ಕೌ.’ ಎರಡನೆಯ ಮತ್ತು ಮೂರನೆಯ ವಾಕ್ಯಗಳ ಕೆಳಗೆ ಕೆಂಪು ಗೆರೆ ಎಳೆದು, ತರಗತಿಯೆದುರು ಅವಳಿಂದಲೇ ಗಟ್ಟಿಯಾಗಿ ಓದಿಸಿದೆ. ಮಕ್ಕಳು ನಕ್ಕರು. ನಾನು ಅವರನ್ನು ತಡೆಯಲಿಲ್ಲ. ಪಾಠ ಮುಗಿದ ಮೇಲೆ ಅವಳು ಮೆಲ್ಲಗೆ ಬಂದು ಕೇಳಿದಳು: “ಸರ್, ತಮ್ಮಗ ಎಸ್ ಹಚ್ಚೀನ್ರೀ. ಮುತ್ಯಾಗ ಹ್ಯಾಂಗ ಹಚ್ಚಲಿ? ಮುತ್ಯಾ ದೊಡ್ಡಾವ್ರಲ್ರೀ?”

ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ. “ನಿಯಮ ಹಾಗಿದೆ, ಕಲಿ” ಎಂದು ಗದರಿಸಿ ಕಳುಹಿಸಿದೆ. ಆ ವರ್ಷ ಮುಗಿಯುವವರೆಗೂ ಅವಳು ತರಗತಿಯಲ್ಲಿ ಎದ್ದು ನಿಂತು ಇಂಗ್ಲಿಷ್ ಓದಲಿಲ್ಲ. ನಾನೂ ಮತ್ತೆ ಓದಿಸಲಿಲ್ಲ. ಅವಳ ಪ್ರಶ್ನೆಗೆ ಅಂದೇ ಕೊಡಬೇಕಾಗಿದ್ದ ಉತ್ತರವನ್ನು ಇಂದು ಈ ಪುಟದಲ್ಲಿ ಕೊಡುತ್ತಿದ್ದೇನೆ.

ಮೊದಲು ನಮ್ಮ ಕನ್ನಡವನ್ನೇ ನೋಡೋಣ. ‘ಹೋಗು’ ಎಂಬುದು ಧಾತು. ಅದಕ್ಕೆ ‘ಉತ್ತ’ ಎಂಬ ಕಾಲಸೂಚಕ ಪ್ರತ್ಯಯ ಸೇರಿ, ಅದರ ಮೇಲೆ ಆಖ್ಯಾತ ಪ್ರತ್ಯಯ ಹತ್ತಿ ಕ್ರಿಯಾಪದವಾಗುತ್ತದೆ. ನಾನು ಹೋಗುತ್ತೇನೆ, ನಾವು ಹೋಗುತ್ತೇವೆ, ನೀನು ಹೋಗುತ್ತೀಯೆ, ನೀವು ಹೋಗುತ್ತೀರಿ, ಅವನು ಹೋಗುತ್ತಾನೆ, ಅವಳು ಹೋಗುತ್ತಾಳೆ, ಅವರು ಹೋಗುತ್ತಾರೆ, ಅದು ಹೋಗುತ್ತದೆ, ಅವು ಹೋಗುತ್ತವೆ. ಹೀಗೆ ಒಂದೇ ಧಾತುವಿಗೆ 9 ರೂಪಗಳು. ಐದು ವರ್ಷದ ಕೂಸು ಕೂಡ ಇವುಗಳನ್ನು ತಪ್ಪಿಲ್ಲದೆ ಬಳಸುತ್ತದೆ.

ಇಂಗ್ಲಿಷಿನಲ್ಲಿ ಈ 9 ರೂಪಗಳ ಕೆಲಸವನ್ನು ಎರಡೇ ರೂಪಗಳು ಮಾಡುತ್ತವೆ: ‘ಗೋ’ ಮತ್ತು ‘ಗೋಸ್’. ಐ ಗೋ, ವೀ ಗೋ, ಯೂ ಗೋ, ದೇ ಗೋ. ಆದರೆ ಹೀ ಗೋಸ್, ಶೀ ಗೋಸ್, ಇಟ್ ಗೋಸ್. ನಾನೂ ಅಲ್ಲದ, ನೀವೂ ಅಲ್ಲದ, ಎಣಿಕೆಯಲ್ಲಿ ಒಂದೇ ಆಗಿರುವ ವ್ಯಕ್ತಿ ಅಥವಾ ವಸ್ತು ಕರ್ತೃಪದವಾದಾಗ ಮಾತ್ರ ಕ್ರಿಯಾಪದಕ್ಕೆ ‘ಎಸ್’ ಹತ್ತುತ್ತದೆ. ನಿಯಮ ಇಷ್ಟೇ.

ಇಲ್ಲೊಂದು ಎಚ್ಚರಿಕೆ. ಕನ್ನಡ ವ್ಯಾಕರಣದಲ್ಲಿ ‘ನಾನು’ ಉತ್ತಮ ಪುರುಷ, ‘ನೀನು’ ಮಧ್ಯಮ ಪುರುಷ, ‘ಅವನು, ಅವಳು, ಅದು’ ಪ್ರಥಮ ಪುರುಷ. ಇಂಗ್ಲಿಷ್ ವ್ಯಾಕರಣದಲ್ಲಿ ‘ಫಸ್ಟ್ ಪರ್ಸನ್’ ಎಂದರೆ ‘ನಾನು’. ‘ಅವನು’ ಎಂಬುದು ‘ಥರ್ಡ್ ಪರ್ಸನ್’. ‘ಫಸ್ಟ್’ ಎಂದರೆ ಪ್ರಥಮ ಎಂದು ಶಬ್ದಾರ್ಥ ಹಿಡಿದು ಹೊರಟ ಮಗು ಇಡೀ ನಿಯಮವನ್ನು ತಲೆಕೆಳಗು ಮಾಡಿಕೊಳ್ಳುತ್ತದೆ. ನಮ್ಮ ಪ್ರಥಮ ಪುರುಷವೇ ಅವರ ಥರ್ಡ್ ಪರ್ಸನ್ ಎಂಬುದನ್ನು ನೋಟುಪುಸ್ತಕದ ಮೊದಲ ಪುಟದಲ್ಲಿಯೇ ಬರೆಸಿಡಿರಿ.

ಈಗ ಆ ಬಾಲಿಕೆಯ ಪ್ರಶ್ನೆಗೆ ಬರೋಣ. ಮನೆಯಲ್ಲಿ ಅವಳು ತಮ್ಮನನ್ನು ಕುರಿತು ‘ಹೋಗುತ್ತಾನೆ’ ಎನ್ನುತ್ತಾಳೆ; ಅದು ಏಕವಚನ. ಮುತ್ಯಾನನ್ನು ಕುರಿತು ‘ಹೋಗುತ್ತಾರೆ’ ಎನ್ನುತ್ತಾಳೆ. ಅದು ಬಹುವಚನದ ರೂಪ. ಬಹುವಚನಕ್ಕೆ ಎಸ್ ಹತ್ತುವುದಿಲ್ಲವೆಂದು ನಾನೇ ಕಲಿಸಿದ್ದೆ. ಆದ್ದರಿಂದ ತಮ್ಮನಿಗೆ ‘ಗೋಸ್’ ಎಂದೂ ಮುತ್ಯಾನಿಗೆ ‘ಗೋ’ ಎಂದೂ ಬರೆದಳು. ಅವಳ ತಪ್ಪಿನಲ್ಲಿ ಅಜ್ಞಾನವಿರಲಿಲ್ಲ. ತಾಯಿತಂದೆಗಳು ಕಲಿಸಿದ ಮರ್ಯಾದೆ ಇತ್ತು. ತರಗತಿಯಲ್ಲಿ ನಾವು ನಕ್ಕದ್ದು ಆ ಮರ್ಯಾದೆಯನ್ನು ನೋಡಿ.

ಬೀದರ ಜಿಲ್ಲೆಯಲ್ಲಿ ಈ ತೊಡಕು ಕನ್ನಡದ ಮನೆಗಳಿಗೆ ಮಾತ್ರ ಸೀಮಿತವಲ್ಲ. ಔರಾದ ಮತ್ತು ಭಾಲ್ಕಿಯ ಎಷ್ಟೋ ಮನೆಗಳಲ್ಲಿ ಮರಾಠಿ ಮಾತು. ಅಲ್ಲಿಯೂ ತಮ್ಮನಿಗೆ ‘ಜಾತೋ’, ತಂದೆಗೆ ‘ಜಾತಾತ’. ಬೀದರ ನಗರದ ಬಜಾರಿನ ಉರ್ದುವಿನಲ್ಲಿಯೂ ತಮ್ಮನಿಗೆ ‘ಜಾತಾ ಹೈ’, ತಂದೆಗೆ ‘ಜಾತೇ ಹೈಂ’. ತೆಲುಗು ಸೀಮೆಯಿಂದ ಬಂದ ಸೊಸೆಯ ಮಾತಿನಲ್ಲಿಯೂ ತಂದೆಗೆ ‘ವೆಳ್ತಾರು’ ಎಂಬ ಬಹುವಚನವೇ. ನಮ್ಮ ಸುತ್ತಲಿನ ನಾಲ್ಕು ಭಾಷೆಗಳೂ ಹಿರಿಯರೆದುರು ಬಹುವಚನದಲ್ಲಿ ತಲೆಬಾಗುತ್ತವೆ. ಇಂಗ್ಲಿಷ್ ಹಾಗೆ ಮಾಡುವುದಿಲ್ಲ. ಅಲ್ಲಿ ಬಹುವಚನವು ಎಣಿಕೆಗೆ ಮಾತ್ರ, ಗೌರವಕ್ಕಲ್ಲ. ಅರಸನಿಗೂ ಆಳುಮಗನಿಗೂ, ಗುರುವಿಗೂ ಶಿಷ್ಯನಿಗೂ ಒಂದೇ ‘ಹೀ’, ಒಂದೇ ‘ಎಸ್’. ಗೌರವ ತೋರಲು ಅವರಿಗೆ ಬೇರೆ ದಾರಿಗಳಿವೆ: ‘ಸರ್’, ‘ಮ್ಯಾಡಮ್’, ‘ಪ್ಲೀಸ್’, ‘ಮೇ ಐ’ ಮುಂತಾದ ಪದಗಳು, ದನಿಯ ಮೃದುತ್ವ. ಆದ್ದರಿಂದ ‘ಮೈ ಗ್ರ್ಯಾಂಡ್‌ಫಾದರ್ ಗೋಸ್ ಟು ದ ಫೀಲ್ಡ್’ ಎಂದು ಬರೆದರೆ ಮುತ್ಯಾನನ್ನು ಏಕವಚನದಲ್ಲಿ ಕರೆದಂತಾಗುವುದಿಲ್ಲ. ಮುತ್ಯಾ ಒಬ್ಬರೇ ಇದ್ದಾರೆಂದು ಎಣಿಸಿದಂತಾಗುತ್ತದೆ, ಅಷ್ಟೇ.

ಒಂದು ಸ್ವಾರಸ್ಯದ ಸಂಗತಿಯೂ ಇದೆ. ಹಿಂದೆ ಇಂಗ್ಲಿಷಿನಲ್ಲಿಯೂ ‘ನೀನು’ ಎಂಬುದಕ್ಕೆ ‘ದೌ’ ಎಂಬ ಬೇರೆ ಪದವಿತ್ತು. ‘ಯೂ’ ಎಂಬುದು ಹಲವರಿಗೆ, ಮತ್ತು ಗೌರವದಿಂದ ಒಬ್ಬರಿಗೆ, ನಮ್ಮ ‘ನೀವು’ ಇದ್ದಂತೆ. 1611ರಲ್ಲಿ ಅಚ್ಚಾದ ಇಂಗ್ಲಿಷ್ ಬೈಬಲಿನಲ್ಲಿ ‘ದೌ’ ಹೇರಳವಾಗಿದೆ. ಕಾಲಕ್ರಮೇಣ ಜನರು ಎಲ್ಲರಿಗೂ ‘ಯೂ’ ಎನ್ನತೊಡಗಿದರು; ‘ದೌ’ ದಿನಬಳಕೆಯಿಂದ ಮರೆಯಾಯಿತು. ಆದ್ದರಿಂದಲೇ ಒಬ್ಬನೇ ಗೆಳೆಯನೆದುರು ನಿಂತು ಮಾತನಾಡುವಾಗಲೂ ‘ಯೂ ಗೋ’, ‘ಯೂ ಆರ್’ ಎನ್ನಬೇಕು. ‘ಯೂ ಗೋಸ್’, ‘ಯೂ ಈಸ್’ ಎಂದರೆ ತಪ್ಪು. ಎದುರಿಗಿದ್ದವರೆಲ್ಲರಿಗೂ ‘ನೀವು’ ಎನ್ನುವ ಪದ್ಧತಿ ಇಂಗ್ಲಿಷಿನವರಲ್ಲಿ ಹೀಗೆ ಉಳಿದಿದೆ.

ಇನ್ನು ‘ಎಸ್’ ಹಚ್ಚುವ ಬಗೆ. ಸಾಮಾನ್ಯವಾಗಿ ಬರಿಯ ಎಸ್ ಸಾಕು: ರೀಡ್, ರೀಡ್ಸ್, ಈಟ್, ಈಟ್ಸ್. ಕ್ರಿಯಾಪದದ ಕೊನೆಯಲ್ಲಿ ಎಸ್, ಎಕ್ಸ್, ಎಸ್-ಎಚ್, ಸಿ-ಎಚ್ ಅಥವಾ ಓ ಅಕ್ಷರವಿದ್ದರೆ ಇ-ಎಸ್ ಹಚ್ಚಬೇಕು: ವಾಶ್, ವಾಶಸ್, ಟೀಚ್, ಟೀಚಸ್, ಗೋ, ಗೋಸ್. ಕೊನೆಯಲ್ಲಿ ವೈ ಇದ್ದು ಅದರ ಹಿಂದೆ ವ್ಯಂಜನಾಕ್ಷರವಿದ್ದರೆ, ವೈ ಅಳಿಸಿ ಐ-ಇ-ಎಸ್ ಬರೆಯಬೇಕು: ಸ್ಟಡಿ, ಸ್ಟಡೀಸ್, ಕ್ಯಾರಿ, ಕ್ಯಾರೀಸ್. ವೈ ಹಿಂದೆ ಸ್ವರಾಕ್ಷರವಿದ್ದರೆ ಏನೂ ಅಳಿಸಬೇಕಾಗಿಲ್ಲ: ಪ್ಲೇ, ಪ್ಲೇಸ್. ‘ಹ್ಯಾವ್’ ಒಂದು ಮಾತ್ರ ‘ಹ್ಯಾಸ್’ ಎಂದು ವೇಷ ಬದಲಿಸುತ್ತದೆ. ಉಚ್ಚಾರಣೆಯಲ್ಲಿ ಈ ಎಸ್ ಎಲ್ಲೆಡೆ ‘ಸ್’ ಆಗುವುದಿಲ್ಲ. ‘ಈಟ್ಸ್’ ಎಂಬಲ್ಲಿ ‘ಸ್’. ‘ಗೋಸ್’, ‘ರೀಡ್ಸ್’ ಎಂಬಲ್ಲಿ ಉರ್ದುವಿನ ಬಜಾರ್, ಜಮೀನ್ ಪದಗಳ ‘ಜ’ಕಾರದಂತಹ ಧ್ವನಿ. ಬೀದರಿನ ಮಕ್ಕಳ ಕಿವಿಗೆ ಈ ಧ್ವನಿ ಮೊದಲೇ ಪರಿಚಿತ. ಇದು ನಮ್ಮ ಊರಿನ ಭಾಗ್ಯ.

ಸಾಮಾನ್ಯ ವರ್ತಮಾನಕಾಲವನ್ನು ಎಲ್ಲೆಲ್ಲಿ ಬಳಸಬೇಕು? ಮುಖ್ಯವಾದ ಐದು ಸಂದರ್ಭಗಳನ್ನು ಹೇಳುತ್ತೇನೆ.

ಒಂದು, ದಿನನಿತ್ಯದ ರೂಢಿ ಮತ್ತು ಕಸುಬು. ‘ಮೈ ಮದರ್ ಗೆಟ್ಸ್ ಅಪ್ ಅಟ್ ಫೈವ್.’ ಬೀದರಿನ ಬಿದರಿ ಕುಶಲಕರ್ಮಿಗಳು ಸತು-ತಾಮ್ರದ ಮಿಶ್ರಲೋಹದಲ್ಲಿ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣನ್ನು ಬಳಸಿ ಅದಕ್ಕೆ ಕಪ್ಪು ಬಣ್ಣ ತರುತ್ತಾರೆ. ಅವರಲ್ಲಿ ಒಬ್ಬರನ್ನು ಕುರಿತು ಬರೆಯುವಾಗ ‘ಹೀ ಯೂಸಸ್ ಸಾಯಿಲ್ ಫ್ರಮ್ ದ ಫೋರ್ಟ್’ ಎನ್ನಬೇಕು. ಈ ಕ್ಷಣ ಅವರು ಊಟಕ್ಕೆ ಕುಳಿತಿದ್ದರೂ ವಾಕ್ಯ ಸರಿಯೇ; ಏಕೆಂದರೆ ಇದು ಅವರ ಕಸುಬಿನ ಮಾತು.

ಎರಡು, ಎಂದೆಂದಿಗೂ ಸಲ್ಲುವ ಸತ್ಯ. ‘ದ ಸನ್ ರೈಸಸ್ ಇನ್ ದ ಈಸ್ಟ್.’ ‘ದ ಕಾರಂಜಾ ಜಾಯಿನ್ಸ್ ದ ಮಾಂಜ್ರಾ.’ ಕಾರಂಜಾ ನದಿ ಮಾಂಜ್ರಾವನ್ನು ಕೂಡುವುದು ನಿನ್ನೆಯ ಅಥವಾ ನಾಳೆಯ ಸುದ್ದಿಯಲ್ಲ.

ಮೂರು, ಇರವು, ಅರಿವು, ಇಚ್ಛೆಗಳನ್ನು ತಿಳಿಸುವ ಪದಗಳು: ನೋ, ವಾಂಟ್, ಲೈಕ್, ಹ್ಯಾವ್ ಮುಂತಾದವು. ನಮ್ಮವರ ಬಾಯಲ್ಲಿ ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’, ‘ಐ ಆಮ್ ನೋಯಿಂಗ್ ಕನ್ನಡ’ ಎಂಬ ಮಾತು ಸುಲಭವಾಗಿ ಬಂದುಬಿಡುತ್ತದೆ. ‘ಐ ಹ್ಯಾವ್’, ‘ಐ ನೋ’ ಎಂದರೆ ಸಾಕು. ‘ಇಂಗ್’ ಹಚ್ಚುವುದು ಕಣ್ಣೆದುರಿಗೆ ಈಗ ನಡೆಯುತ್ತಿರುವ ಕೆಲಸಕ್ಕೆ. ಕನ್ನಡದ ‘ಓದುತ್ತಾಳೆ’ ಮತ್ತು ‘ಓದುತ್ತಿದ್ದಾಳೆ’ ಎಂಬ ಎರಡು ರೂಪಗಳ ಅಂತರ ಬಲ್ಲವರಿಗೆ ‘ರೀಡ್ಸ್’ ಮತ್ತು ‘ಈಸ್ ರೀಡಿಂಗ್’ ಅಂತರವೂ ತಿಳಿಯುತ್ತದೆ. ಆದರೆ ಎಲ್ಲೆಡೆ ಕನ್ನಡವನ್ನೇ ನೆಚ್ಚುವಂತಿಲ್ಲ. ಮಹಮೂದ್ ಗವಾನನು 1472ರಲ್ಲಿ ಕಟ್ಟಿಸಿದ ಮದರಸಾ ಬೀದರಿನ ಹಳೆಯ ಊರಿನಲ್ಲಿ ‘ನಿಂತಿದೆ’ ಎನ್ನುತ್ತೇವೆ; ಇಂಗ್ಲಿಷಿನಲ್ಲಿ ಅದು ‘ಸ್ಟ್ಯಾಂಡ್ಸ್’.

ನಾಲ್ಕು, ಮೊದಲೇ ಗೊತ್ತುಮಾಡಿದ ವೇಳಾಪಟ್ಟಿ. ‘ದ ಬಸ್ ಲೀವ್ಸ್ ಅಟ್ ಸಿಕ್ಸ್ ಟುಮಾರೋ.’ ಬಸ್ಸು, ರೈಲು, ಪರೀಕ್ಷೆಗಳ ವಿಷಯದಲ್ಲಿ ನಾಳೆಯ ಮಾತಿಗೂ ಈ ರೂಪ ಸಲ್ಲುತ್ತದೆ. ಕನ್ನಡದಲ್ಲಿ ‘ದಿನಾಲೂ ಬರುತ್ತಾನೆ’, ‘ನಾಳೆ ಬರುತ್ತಾನೆ’ ಎರಡಕ್ಕೂ ಒಂದೇ ರೂಪ ನಡೆಯುತ್ತದೆ. ಇಂಗ್ಲಿಷಿನಲ್ಲಿ ಮಾವ ನಾಳೆ ಬರುವುದಾದರೆ ‘ವಿಲ್ ಕಮ್’ ಎನ್ನುವುದು ಮಕ್ಕಳಿಗೆ ಕ್ಷೇಮ.

ಐದು, ಗ್ರಂಥಗಳ ಮಾತು. ಬಸವಣ್ಣನವರು ಹನ್ನೆರಡನೆಯ ಶತಮಾನದವರು. ಆದರೂ ಅವರ ವಚನವನ್ನು ವಿವರಿಸುವಾಗ ನಾವು ‘ಬಸವಣ್ಣನವರು ಹೇಳುತ್ತಾರೆ’ ಎನ್ನುತ್ತೇವೆ. ವಚನ ಇಂದಿಗೂ ನಮ್ಮೊಡನೆ ಮಾತನಾಡುತ್ತಿದೆ ಎಂಬುದೇ ಅದರ ಭಾವ. ಇಂಗ್ಲಿಷಿನಲ್ಲಿಯೂ ಇದೇ ರೂಢಿ: ‘ಬಸವಣ್ಣ ಸೇಸ್’. ಬರೆಯುವಾಗ ಎಸ್ ಮರೆಯಬಾರದು. ನುಡಿಯುವಾಗ ಅದು ‘ಸೆಜ್’ ಎಂಬಂತೆ ಕೇಳುತ್ತದೆ. ಬಸವಣ್ಣನವರಿಗೇ ಎಸ್ ಹತ್ತುವುದಾದರೆ ಮುತ್ಯಾನಿಗೆ ಹಚ್ಚಲು ಅಂಜಿಕೆ ಏಕೆ?

ಈಗ ನಿಷೇಧ ಮತ್ತು ಪ್ರಶ್ನೆ. ಕನ್ನಡದ ‘ಹೋಗುವುದಿಲ್ಲ’ ಎಂಬ ರೂಪ ಎಲ್ಲರಿಗೂ ಒಂದೇ: ನಾನು ಹೋಗುವುದಿಲ್ಲ, ಅವಳು ಹೋಗುವುದಿಲ್ಲ, ಅವರು ಹೋಗುವುದಿಲ್ಲ. ಇದೇ ರೂಢಿಯಿಂದ ಮಕ್ಕಳು ‘ಶೀ ಡೋಂಟ್ ಗೋ’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ‘ಐ ಡೂ ನಾಟ್ ಗೋ’, ಆದರೆ ‘ಶೀ ಡಸ್ ನಾಟ್ ಗೋ’. ಪ್ರಶ್ನೆಗೆ ನಾವು ವಾಕ್ಯದ ತುದಿಯಲ್ಲಿ ‘ಏ’ ಅಥವಾ ‘ಆ’ ಹಚ್ಚುತ್ತೇವೆ: ಹೋಗುತ್ತಾಳೆಯೇ? ಅವರು ‘ಡೂ’ ಅಥವಾ ‘ಡಸ್’ ಎಂಬುದನ್ನು ವಾಕ್ಯದ ಮುಂದೆ ತಂದು ನಿಲ್ಲಿಸುತ್ತಾರೆ: ‘ಡಸ್ ಶೀ ಗೋ?’ ಇಲ್ಲಿ ‘ಡಸ್ ಶೀ ಗೋಸ್’ ಎಂದು ಎರಡು ಕಡೆ ಎಸ್ ಹಚ್ಚುವುದು ದೊಡ್ಡವರೂ ಮಾಡುವ ತಪ್ಪು. ಮನೆಯ ತಿಜೋರಿಯ ಕೀಲಿಕೈ ಒಂದೇ. ಅದು ಅತ್ತೆಯ ಸೆರಗಿನಲ್ಲಿದ್ದರೆ ಸೊಸೆಯ ಸೆರಗಿನಲ್ಲಿರುವುದಿಲ್ಲ. ಎಸ್ ಎಂಬ ಕೀಲಿಕೈಯನ್ನು ‘ಡಸ್’ ಇಟ್ಟುಕೊಂಡ ಮೇಲೆ ‘ಗೋ’ ಬರಿಗೈಯಲ್ಲಿಯೇ ಇರಬೇಕು.

ಇನ್ನೊಂದು ಸಣ್ಣ ಮಾತು. ಕನ್ನಡದಲ್ಲಿ ‘ಅವನು ರೈತ’ ಎಂದರೆ ವಾಕ್ಯ ಪೂರ್ಣವಾಯಿತು, ಕ್ರಿಯಾಪದ ಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಕ್ರಿಯಾಪದವಿಲ್ಲದೆ ವಾಕ್ಯ ನಿಲ್ಲದು: ‘ಹೀ ಈಸ್ ಅ ಫಾರ್ಮರ್.’ ಐಗೆ ‘ಆಮ್’, ಒಬ್ಬರಿಗೆ ‘ಈಸ್’, ಯೂ ಮತ್ತು ಬಹುವಚನಕ್ಕೆ ‘ಆರ್’. ಇವು ಇದ್ದಲ್ಲಿ ಡೂ, ಡಸ್ ಬರುವುದಿಲ್ಲ.

“ನಮಗೆ ಇಂಗ್ಲಿಷ್ ಬಾರದು, ಮಕ್ಕಳಿಗೆ ಹೇಗೆ ಹೇಳಿಕೊಡುವುದು?” ಎಂದು ಅನೇಕ ತಾಯಂದಿರು ಕೇಳುತ್ತಾರೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷ್ ಕಲಿಕೆ ಆರಂಭವಾಯಿತು. ತಾವು ಓದದೆ ಇದ್ದ ಪುಸ್ತಕ ಮಗುವಿನ ಕೈಯಲ್ಲಿ ಬಂದಾಗ ತಾಯಿಗೆ ಅಳುಕಾಗುವುದು ಸಹಜ. ಅವರಿಗೆ ನನ್ನ ವಿನಂತಿ: ರೊಟ್ಟಿ ಬಡಿಯುತ್ತಲೇ ಕನ್ನಡದಲ್ಲಿ ಮೂರು ಪ್ರಶ್ನೆ ಕೇಳಿರಿ. ಈ ಕೆಲಸ ದಿನಾಲೂ ನಡೆಯುವಂಥದ್ದೋ, ಈಗ ನಡೆಯುತ್ತಿರುವಂಥದ್ದೋ? ಮಾಡುವವರು ನಾನೋ, ನೀವೋ, ಬೇರೆಯವರೋ? ಬೇರೆಯವರಾದರೆ ಎಣಿಕೆಗೆ ಒಬ್ಬರೋ, ಹಲವರೋ? ದಿನಾಲೂ ನಡೆಯುವ ಕೆಲಸವನ್ನು ಬೇರೆಯವರೊಬ್ಬರು ಮಾಡುವುದಾದರೆ, “ಎಸ್ ಎಲ್ಲಿದೆ, ತೋರಿಸು” ಎನ್ನಿರಿ. ಇಷ್ಟಕ್ಕೆ ಇಂಗ್ಲಿಷಿನ ಒಂದು ಅಕ್ಷರವೂ ತಾಯಿಗೆ ತಿಳಿದಿರಬೇಕಾಗಿಲ್ಲ. ಮಗುವಿಗೆ ಬೇಕಾದ ಅರ್ಧ ವ್ಯಾಕರಣ ಅವಳ ಕನ್ನಡದಲ್ಲಿಯೇ ಇದೆ.

ಇದನ್ನು ಒತ್ತಿ ಹೇಳಲು ಕಾರಣವುಂಟು. ಇಂಗ್ಲಿಷ್ ಬರಬೇಕಾದರೆ ಮನೆಯಲ್ಲಿ ಕನ್ನಡ ಬಿಡಬೇಕೆಂದು ಕೆಲವರು ತಿಳಿದಿದ್ದಾರೆ. ನಿಜಾಮರ ಆಳ್ವಿಕೆಯಲ್ಲಿ ಶಾಲೆಯ ಮಾಧ್ಯಮ ಉರ್ದು ಆಗಿದ್ದಾಗ, ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. 1890ರಲ್ಲಿ ಜನಿಸಿ 1999ರಲ್ಲಿ ಲಿಂಗೈಕ್ಯರಾದ ಆ ಪೂಜ್ಯರು ಅಷ್ಟು ಪ್ರಯಾಸದಿಂದ ಉಳಿಸಿಕೊಟ್ಟ ಭಾಷೆಯನ್ನು ನಾವು ಒಂದು ಎಸ್ ಅಕ್ಷರದ ಆಸೆಗೆ ಕಳೆದುಕೊಳ್ಳಬೇಕಾಗಿಲ್ಲ. ಮುತ್ಯಾನಿಗೆ ಕನ್ನಡದಲ್ಲಿ ‘ಹೋಗುತ್ತಾರೆ’ ಎನ್ನಲು ಬಾರದ ಮಗುವಿಗೆ, ಇಂಗ್ಲಿಷಿನಲ್ಲಿ ಏಕೆ ‘ಗೋಸ್’ ಎನ್ನಬೇಕೆಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ಪ್ರಶ್ನೆ ಹುಟ್ಟಿದ ಮಗು ಎರಡೂ ಭಾಷೆಗಳನ್ನು ಕಲಿಯುತ್ತದೆ. ಅಂಥ ಪ್ರಶ್ನೆ ಬಂದಾಗ ದಯವಿಟ್ಟು ಯಾರೂ ನಗಬೇಡಿರಿ. ನಾನೊಮ್ಮೆ ನಗಲು ಬಿಟ್ಟು ಒಂದು ಮಗುವಿನ ಬಾಯಿ ಮುಚ್ಚಿಸಿದ್ದೇನೆ.

ಅಭ್ಯಾಸ

ಕೆಳಗಿನ ವಾಕ್ಯಗಳನ್ನು ಇಂಗ್ಲಿಷಿಗೆ ತಿರುಗಿಸಿರಿ. ಉತ್ತರ ನೋಡುವ ಮೊದಲು ನೋಟುಪುಸ್ತಕದಲ್ಲಿ ಬರೆಯಿರಿ.

1. ನಮ್ಮ ತಂದೆಯವರು ಬೀದರದಲ್ಲಿ ಕೆಲಸ ಮಾಡುತ್ತಾರೆ.
2. ಎತ್ತುಗಳು ನೇಗಿಲು ಎಳೆಯುತ್ತವೆ.
3. ನನ್ನ ತಂಗಿ ಸುಳ್ಳು ಹೇಳುವುದಿಲ್ಲ.
4. ನಿಮ್ಮ ಮುತ್ಯಾ ಪತ್ರಿಕೆ ಓದುತ್ತಾರೆಯೇ?
5. ನೀವು ಮರಾಠಿ ಮಾತನಾಡುತ್ತೀರಾ?
6. ನಮ್ಮ ಗುರುಗಳು ಇಂಗ್ಲಿಷ್ ಕಲಿಸುತ್ತಾರೆ.

ಉತ್ತರಗಳು

1. ಮೈ ಫಾದರ್ ವರ್ಕ್ಸ್ ಇನ್ ಬೀದರ್.
2. ದ ಬುಲಕ್ಸ್ ಪುಲ್ ದ ಪ್ಲೌ.
3. ಮೈ ಸಿಸ್ಟರ್ ಡಸ್ ನಾಟ್ ಟೆಲ್ ಲೈಸ್.
4. ಡಸ್ ಯುವರ್ ಗ್ರ್ಯಾಂಡ್‌ಫಾದರ್ ರೀಡ್ ದ ನ್ಯೂಸ್‌ಪೇಪರ್?
5. ಡೂ ಯೂ ಸ್ಪೀಕ್ ಮರಾಠಿ?
6. ಅವರ್ ಟೀಚರ್ ಟೀಚಸ್ ಇಂಗ್ಲಿಷ್.

ಒಂದನೆಯ, ನಾಲ್ಕನೆಯ ಮತ್ತು ಆರನೆಯ ವಾಕ್ಯಗಳಲ್ಲಿ ಕನ್ನಡದ ‘ತ್ತಾರೆ’ ಇದ್ದರೂ ಎಣಿಕೆ ಒಂದೇ ಎಂಬುದನ್ನು ಮಕ್ಕಳಿಗೆ ತೋರಿಸಿರಿ. ಮುಂದಿನ ಸಂಚಿಕೆಯಲ್ಲಿ ‘ಓದುತ್ತಿದ್ದಾಳೆ’ ಎಂಬ ರೂಪವನ್ನು, ಅಂದರೆ ‘ಇಂಗ್’ ಹಚ್ಚುವ ಕ್ರಮವನ್ನು ನೋಡೋಣ. ಅಲ್ಲಿಯವರೆಗೆ ಮನೆಯ ಪ್ರತಿಯೊಬ್ಬ ಹಿರಿಯರ ಮೇಲೆ ಒಂದೊಂದು ವಾಕ್ಯವನ್ನು ಮಕ್ಕಳಿಂದ ಬರೆಸಿ, ಆ ಹಿರಿಯರೆದುರಿಗೇ ಓದಿಸಿರಿ.